ಕೆಂಪು ಸೋಸುವ ಗಾಜು

ಖಾಸೀಮ ಹೇಳಿದ್ದು ಇಷ್ಟೇ:
"ಮಿರರ್‌ಲೆಸ್ ಅಂದ್ರೆ ಕನ್ನಡಿ ಇಲ್ಲ, ಖರೆ.
ಆದ್ರೆ ಒಳಗೊಂದು ಗಾಜು ಐತೆ, ಎರ್ರಿಸ್ವಾಮಿ.
ನಮ್ಮ ಕಣ್ಣಿಗೆ ಹೆಂಗೆ ಕಾಣ್ತದೋ ಹಂಗೇ ಕಾಣ್ಲಿ ಅಂತ
ಕಂಪನಿಯೋರು ಕುಂದ್ರಿಸಿರೋದು.
ಕಡುಗೆಂಪು ಒಳಗೆ ಬರಾಕೆ ಬಿಡಲ್ಲ ಅದು.
ಬಿಚ್ಚಿ ಕೊಡ್ಲಾ?"

ಬ್ಯಾಡ ಅಂದೆ.
ಬಿಚ್ಚಿದರೆ ನಾಳೆ ಮದುಮಕ್ಕಳ ಮುಖವೆಲ್ಲ
ಜ್ವರ ಬಂದ ಹಾಗೆ ಕಾಣುತ್ತವೆ,
ಅರಿಶಿನವೂ ಕುಂಕುಮದ ಕಡೆ ವಾಲುತ್ತದೆ.
ಇನ್ನೂ ಹನ್ನೊಂದು ಕಂತು ಬಾಕಿ ಇದೆ.

ಧನುರ್ಮಾಸ. ಲಗ್ನಗಳಿಲ್ಲ.
ಎಳ್ಳಮಾಸೆಯ ರಾತ್ರಿ, ಸಜ್ಜೆರೊಟ್ಟಿ ಕಡುಬು ತಿಂದ ಹೊಟ್ಟೆಯಲ್ಲಿ
ನಾರಿಹಳ್ಳದ ಕಟ್ಟೆಗೆ ಹೋದೆವು, ನಾನೂ ಗಾದಿಲಿಂಗನೂ.
ಸ್ಟ್ಯಾಂಡಿನ ಮೂರು ಕಾಲೂ ಕೆಂಪು, ಚಪ್ಪಲಿ ಕೆಂಪು,
ಗಾದಿಲಿಂಗ ಸೀನಿದರೆ ಕರ್ಚೀಫು ಕೆಂಪು.
ಸಂಡೂರಿನಲ್ಲಿ ಎಮ್ಮೆ ಕೂಡ ಕೆಂಪಗಾಗಿ ಮನೆಗೆ ಬರುತ್ತದೆ.
ಇಂಥ ಊರಿನಲ್ಲಿ ನಿಂತು
ಕೆಂಪು ಕಾಣದ ಕ್ಯಾಮೆರಾ ಎತ್ತಿದೆ,
ಮೊದಲು ಕೃತ್ತಿಕೆಯ ಕಡೆ, ಆಮೇಲೆ ಮಹಾವ್ಯಾಧನ ಕಡೆ.
ಬಡಗಣಕ್ಕೆ ತೋರಣಗಲ್ಲಿನ ಕುಲುಮೆ
ಆಕಾಶದ ಅಂಚು ಸುಡುತ್ತಿತ್ತು;
ಅದಕ್ಕೆ ಬೆನ್ನು ಮಾಡಿದೆ.

ನಾಲ್ಕು ಸೆಕೆಂಡು. ಅದಕ್ಕಿಂತ ಹೆಚ್ಚಾದರೆ
ಭೂಮಿ ತಿರುಗುವುದು ಗೊತ್ತಾಗಿಬಿಡುತ್ತದೆ,
ಚುಕ್ಕಿ ಅಕ್ಕಿಕಾಳಿನ ಹಾಗೆ ಉದ್ದವಾಗುತ್ತದೆ.
ನಾಲ್ಕು ಸೆಕೆಂಡು, ಮತ್ತೆ ನಾಲ್ಕು, ಆರುನೂರು ಸಲ.
ಮದುವೆಯಲ್ಲಾದರೆ "ನಗ್ರಿ ಸ್ವಲ್ಪ" ಅನ್ನಬಹುದು.
ಇಲ್ಲಿ ಯಾರಿಗೆ ಹೇಳಲಿ?

ಕಾವಲಿನವನೊಬ್ಬ ಬ್ಯಾಟರಿ ಬಿಟ್ಟುಕೊಂಡು ಬಂದ.
"ಅದಿರಿನ ಲಾರಿ ಫೋಟೊ ತೆಗಿತೀರೇನು?"
ಪರದೆ ತೋರಿಸಿದೆ. ಬಗ್ಗಿ ನೋಡಿದ.
"ಏನೂ ಇಲ್ಲಲ್ಲ ಇದರಾಗೆ" ಅಂದ, ಸಮಾಧಾನದಿಂದ.
ಅವನ ಬೆಳಕಿಗೆ ಹನ್ನೆರಡು ಚಿತ್ರ ಕೆಟ್ಟವು.

ಕೊನೆಗೆ ಮುಚ್ಚಳ ಹಾಕಿ
ಕತ್ತಲೆಯದೇ ಮೂವತ್ತು ಫೋಟೊ ತೆಗೆದೆ.
ಗಾದಿಲಿಂಗ ನಕ್ಕ. ಅವನಿಗೆ ಹೇಗೆ ಹೇಳುವುದು,
ಇದು ಕ್ಯಾಮೆರಾದ ಸ್ವಂತ ಕತ್ತಲೆ,
ಶಾಲೆಯ ಕಳೆಯುವ ಲೆಕ್ಕದ ಹಾಗೆ
ಆಕಾಶದ್ದರಿಂದ ಇದನ್ನು ಕಳೆಯಬೇಕು ಅಂತ.

ಬೆಳಗಿನ ಜಾವ, ಕಂಪ್ಯೂಟರಿನಲ್ಲಿ
ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿದೆ.
ಕೃತ್ತಿಕೆಯರು ಬಂದರು ಮೊದಲು,
ಆರು ಜನವೂ, ನೀಲಿ ಸೆರಗು ಹೊದ್ದು;
ನಮ್ಮ ಬೆಟ್ಟದ ಕುಮಾರಸ್ವಾಮಿಗೆ ಹಾಲೂಡಿದವರು.
ನೀಲಿಗೆ ಗಾಜಿನ ಅಡ್ಡಿಯಿಲ್ಲ.
ವ್ಯಾಧನ ನಡುಪಟ್ಟಿಯ ಕೆಳಗೆ ಗುಲಾಬಿ,
ಒಗೆದೊಗೆದು ಬಣ್ಣ ಬಿಟ್ಟ ರವಿಕೆಯದು.
ಅವನ ಮೈಯನ್ನೇ ಸುತ್ತಿದೆಯಂತಲ್ಲ
ಜಲಜನಕದ ಆ ದೊಡ್ಡ ಕೆಂಪು,
ಅದು ಬರಲಿಲ್ಲ. ಬಂದಿತ್ತೇ?
ಎಡಮೂಲೆಯಲ್ಲಿ ಒಂದು ಸಂಶಯ,
ಕುಂಕುಮ ಒರೆಸಿದ ಮೇಲೂ ಬೆರಳಲ್ಲಿ ಉಳಿಯುವಷ್ಟು.
ಮತ್ತೆ ನಟ್ಟನಡುವೆ ಮೂರು ಕಪ್ಪು ಉಂಗುರ:
ಸೆನ್ಸರಿನ ಮೇಲೆ ಕೂತ ಅದಿರಿನ ಧೂಳು.
ನಮ್ಮೂರ ಕೆಂಪು ಒಳಗೆ ಹೋದರೆ
ಕಪ್ಪಾಗಿ ಕಾಣುತ್ತದೆ.

ಹತ್ತು ಗಂಟೆಗೆ ಖಾಸೀಮನ ತಂಗಿಯ ಮಗಳ ನಿಕಾಹ್.
ನಿದ್ದೆಗಣ್ಣು. ರಾತ್ರಿಯ ಸೆಟ್ಟಿಂಗು ಹಾಗೇ ಉಳಿದಿತ್ತು.
ತಸ್ಲೀಮಾ ಮೆಹಂದಿಯ ಎರಡೂ ಕೈ
ಮುಖದ ಮುಂದೆ ಹಿಡಿದಳು, ಒತ್ತಿದೆ.
ನಾಲ್ಕು ಸೆಕೆಂಡು ಎಲ್ಲರೂ ಅಲ್ಲಾಡದೆ ನಿಂತರು.
ಬಂದದ್ದು ಬರೀ ಬಿಳಿ.
ಕೈಯಿಲ್ಲ, ಮುಖವಿಲ್ಲ, ಶಾಮಿಯಾನವಿಲ್ಲ.
ರಾತ್ರಿಯಿಡೀ ಬೇಡಿದರೂ ಸಿಗದ ಬೆಳಕು
ಒಂದೇ ಸಲಕ್ಕೆ ಸುರಿದು ತುಂಬಿತ್ತು.

ಸರಿಮಾಡಿಕೊಂಡು ಎರಡನೆಯದು ತೆಗೆದೆ. ಮೆಹಂದಿ ಬಂತು,
ಹೇಗಿತ್ತೋ ಹಾಗೆ, ಕಂದು ಅಂಚಿನ ಕೆಂಪು.
ಖಾಸೀಮ ಹಿಂದಿನಿಂದ ಇಣುಕಿ ನೋಡಿದ, ತುಂಬ ಹೊತ್ತು.
"ಇರ್ಲಿ ಬಿಡು ಆ ಗಾಜು" ಅಂದ.
"ಸದ್ಯಕ್ಕೆ."